ಘಟ್ಟದ ದಾರಿ, ಊರಿನ ದಾರಿ

ನಮ್ಮ ಮಲೆನಾಡಿನ ಹಳಬರು ದೂರವನ್ನು ಮೈಲಿಯ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಪಕ್ಕದ ಮನೆ ಎಂದರೆ ಒಂದು ಕೂಗಳತೆ. ನೆಂಟರ ಊರು ಎಂದರೆ, ಬೆಳಗಿನ ದೋಸೆ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ದೂರ. ಪೇಟೆ ಎಂದರೆ, ಕೋಳಿ ಕೂಗುವಾಗ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವಷ್ಟು ದೂರ. ಇದನ್ನು ಹಳ್ಳಿಗರ ಅಜ್ಞಾನವೆಂದು ಬಾಲ್ಯದಲ್ಲಿ ನಾನು ತಿಳಿದಿದ್ದೆ. ಈ ಲೆಕ್ಕ ಎಷ್ಟು ಕರಾರುವಾಕ್ಕಾದುದೆಂಬುದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ನಡುವೆ ಹೊಳೆ ಇದೆಯೆ, ಏರು ಇದೆಯೆ, ಈಗ ಮಳೆಗಾಲವೆ ಬೇಸಿಗೆಯೆ, ಹೆಗಲ ಮೇಲೆ ಹೊರೆ ಇದೆಯೆ ಎಂಬುದೆಲ್ಲ ಆ ಲೆಕ್ಕದೊಳಗೆ ಸೇರಿರುತ್ತಿತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ: ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಹ್ಯಾದ್ರಿಯ ತಲೆಯ ಮೇಲೆ ಕುಳಿತಿರುವ ತಾಲ್ಲೂಕುಗಳು ಇವು. ಇವುಗಳ ರಸ್ತೆಗಳ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ನಾನು ಎಂಜಿನಿಯರನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಜಲ್ಲಿ, ಡಾಂಬರುಗಳ ವಿಷಯ ನನಗೆ ತಿಳಿಯದು. ಒಂದು ರಸ್ತೆಯನ್ನು ಯಾರು ಮಾಡಿಸಿದರು, ಯಾರಿಗಾಗಿ ಮಾಡಿಸಿದರು, ಅದರ ಪಕ್ಕದಲ್ಲೇ ಮನೆ ಕಟ್ಟಿಕೊಂಡಿದ್ದವನಿಗೆ ಅದರಿಂದ ಏನಾಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಕೆಳದಿಯ ಅರಸರ ಕಾಲಕ್ಕೆ ಹೋಗೋಣ. ಕೆಳದಿಯಲ್ಲಿ ಆರಂಭವಾದ ಆ ರಾಜ್ಯ ಮುಂದೆ ಇಕ್ಕೇರಿಯನ್ನೂ ಆಮೇಲೆ ಬಿದನೂರನ್ನೂ ರಾಜಧಾನಿಯಾಗಿ ಮಾಡಿಕೊಂಡಿತು. ಮೊದಲೆರಡು ಸ್ಥಳಗಳು ಸಾಗರ ತಾಲ್ಲೂಕಿನಲ್ಲಿವೆ. ಈಗ ನಗರವೆಂದು ಕರೆಯಿಸಿಕೊಳ್ಳುವ ಬಿದನೂರು ಹೊಸನಗರ ತಾಲ್ಲೂಕಿನಲ್ಲಿದೆ. 1623ರಲ್ಲಿ, ವೆಂಕಟಪ್ಪ ನಾಯಕನು ಇಕ್ಕೇರಿಯಲ್ಲಿ ಆಳುತ್ತಿದ್ದಾಗ, ಗೋವೆಯ ಪೋರ್ಚುಗೀಸರು ಅವನಲ್ಲಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ಆ ರಾಯಭಾರಿಯ ಜೊತೆಯಲ್ಲಿ ಪಿಯೆಟ್ರೊ ಡೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯೂ ಬಂದ. ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಅವರು ಇಕ್ಕೇರಿಯನ್ನು ಸೇರಿದರು. ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿ ಅಗಲವಾಗಿ, ಸಮತಟ್ಟಾಗಿ, ದೊಡ್ಡ ಮರಗಳ ನೆರಳಿನಿಂದ ಕೂಡಿ ಹಿತವಾಗಿತ್ತೆಂದು ಅವನು ಬರೆದಿಟ್ಟಿದ್ದಾನೆ. ಹಿಂದಿರುಗುವಾಗ ಬೇರೊಂದು ಕಡೆ ಘಟ್ಟವಿಳಿದು ಬಸರೂರಿನ ದಿಕ್ಕಿಗೆ ಹೋದ.

ಮುನ್ನೂರು ನಾಲ್ನೂರು ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ನೆರಳು ಮರಗಳ ಹೆದ್ದಾರಿಯಿತ್ತೆಂದು ಹೆಮ್ಮೆಪಡುವುದು ಸಹಜವೇ. ಆದರೆ ಈ ಪ್ರವಾಸಿ ಬಂದು ಹೋದ ದಾರಿಗಳನ್ನು ಮನಸ್ಸಿನಲ್ಲಿಯೇ ಗೆರೆ ಎಳೆದು ನೋಡಬೇಕು. ಒಂದು ತುದಿಯಲ್ಲಿ ಅರಮನೆ. ಇನ್ನೊಂದು ತುದಿಯಲ್ಲಿ ಹೊನ್ನಾವರ ಅಥವಾ ಬಸರೂರಿನಂತಹ ಬಂದರು. ನಡುವೆ ಇಳಿದು ಹೋಗುತ್ತಿದ್ದುದು ಮೆಣಸು, ಅಡಿಕೆ, ಅಕ್ಕಿ. ಮೇಲೆ ಬರುತ್ತಿದ್ದುದು ಉಪ್ಪು, ಒಣಮೀನು, ಕುದುರೆ ಮತ್ತು ಹೊನ್ನು. ರಾಯಭಾರಿ ಬಂದಿದ್ದ ಕೆಲಸದಲ್ಲಿಯೂ ಮೆಣಸಿನ ವ್ಯಾಪಾರದ ಮಾತು ಸೇರಿತ್ತು. ಸರಕು ಹೇರೆತ್ತುಗಳ ಬೆನ್ನ ಮೇಲೆ ಸಾಗುತ್ತಿತ್ತು. ಹಳ್ಳಿಯಿಂದ ಹಳ್ಳಿಗೆ ಹೋಗಲು ಜನ ತಮ್ಮ ಕಾಲುದಾರಿಯನ್ನು ತಾವೇ ಸವೆಸಿಕೊಂಡಿದ್ದರು. ಹಳ್ಳ ಬಂದಲ್ಲಿ ಒಂದು ಅಡಿಕೆ ಮರವನ್ನೋ ಬಗಿನೆ ಮರವನ್ನೋ ಕಡಿದು ಅಡ್ಡ ಹಾಕಿ ಸಂಕ ಮಾಡಿಕೊಂಡಿದ್ದರು. ಅದು ಯಾವ ಅರಸನ ಶಾಸನದಲ್ಲೂ ಸೇರುವ ಕಾಮಗಾರಿಯಾಗಿರಲಿಲ್ಲ.

ಇನ್ನೊಂದು ಮಾತು. ಆ ಅರಸರಿಗೆ ದಾರಿ ಎಷ್ಟು ಬೇಕಾಗಿತ್ತೋ ಅಷ್ಟೇ ಭಯದ ವಸ್ತುವೂ ಆಗಿತ್ತು. ಬಿದನೂರಿಗೆ ಕಾಡೇ ಹೊರಕೋಟೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋದವರು ಅಲ್ಲಿನ ಕಲ್ಲುಹಾಸಿನ ಏರುದಾರಿಯನ್ನು ನೋಡಿರುತ್ತಾರೆ. ಅದು ಒಂದಾದ ಮೇಲೊಂದು ಹೆಬ್ಬಾಗಿಲುಗಳ ಮೂಲಕ ಹಾದುಹೋಗುತ್ತದೆ. ಬರುವವನನ್ನು ಕರೆದುಕೊಳ್ಳುವುದಕ್ಕೂ ತಡೆದು ನಿಲ್ಲಿಸುವುದಕ್ಕೂ ಒಂದೇ ದಾರಿ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದಾಗ, ಅಲ್ಲಿಯ ಹಿಂದಿನ ಮಂತ್ರಿಯೊಬ್ಬನು ಅವನಿಗೆ ಗುಪ್ತವಾದ ಒಂದು ದಾರಿಯನ್ನು ತೋರಿಸಿಕೊಟ್ಟನೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಹೇಳುತ್ತಾನೆ. ಮುಂಬಾಗಿಲಲ್ಲಿ ಕಾಳಗ ನಡೆಯುತ್ತಿರುವಂತೆ ತೋರಿಸಿ, ಒಳದಾರಿಯಿಂದ ಸೇನೆ ಒಳನುಗ್ಗಿತು. ಬಿದನೂರು ಹೈದರ್‌ನಗರವಾಯಿತು. ಇಪ್ಪತ್ತು ವರ್ಷಗಳ ಮೇಲೆ, 1783ರ ಆರಂಭದಲ್ಲಿ, ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿಯ ಘಟ್ಟವನ್ನು ಹತ್ತಿ ಬಂದು ನಗರವನ್ನು ವಶಪಡಿಸಿಕೊಂಡ. ಕೆಲವೇ ತಿಂಗಳುಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದ. ಮೆಣಸು ಇಳಿದ ದಾರಿಯಲ್ಲೇ ಫಿರಂಗಿ ಹತ್ತಿತು. ದಾರಿಯ ಬದಿಯ ರೈತ ಎರಡು ಸಲವೂ ಕಾಡಿನೊಳಕ್ಕೆ ಓಡಿರಬೇಕು. ಅವನ ಹೆಸರು ಯಾವ ಗ್ರಂಥದಲ್ಲಿಯೂ ದಾಖಲಾಗಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ನಮ್ಮ ಸೀಮೆಯಲ್ಲಿ ಸಂಚರಿಸಿದ. 1801ರಲ್ಲಿ ಅವನು ಇಕ್ಕೇರಿಯನ್ನೂ ನಗರವನ್ನೂ ನೋಡಿದ. ಎಲ್ಲಿ ಯಾವ ಬೆಳೆ, ಯಾವ ಸರಕು ಎಲ್ಲಿಗೆ ಹೋಗುತ್ತದೆ, ಅದರ ಬೆಲೆ ಏನು ಎಂಬುದೇ ಅವನ ವಿಚಾರಣೆ. ದಾರಿ ಮಾಡುವುದಕ್ಕೆ ಮುಂಚೆ ದಾರಿಯ ತುದಿಯಲ್ಲಿ ಏನು ಸಿಗುತ್ತದೆಂದು ತಿಳಿದುಕೊಳ್ಳುವುದು ಹೊಸ ಆಡಳಿತದ ಕ್ರಮ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ ಮಾಡಿಸಿದನೆಂದು ಗೆಜೆಟಿಯರು ಲೆಕ್ಕ ಕೊಡುತ್ತದೆ. ಸಣ್ಣಪುಟ್ಟ ತೆರಿಗೆಗಳಲ್ಲಿ 769 ಬಾಬುಗಳನ್ನು ಅವನ ಆಡಳಿತ ರದ್ದುಮಾಡಿತಂತೆ. 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಹಳೆಯ ಹೇರೆತ್ತಿನ ದಾರಿಗಳು ಒಂದೊಂದಾಗಿ ಗಾಡಿಯ ರಸ್ತೆಗಳಾದವು. ಎತ್ತಿನ ಬೆನ್ನಿನ ಮೇಲೆ ಹೋಗುತ್ತಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸರಕು ಗಾಡಿಯಲ್ಲಿ ಹೋಗುವಂತಾಯಿತು. ಇದರಿಂದ ಮಲೆನಾಡಿಗೆ ಉಪಕಾರವಾಗಲಿಲ್ಲವೆಂದು ಹೇಳಿದರೆ ಅದು ಕೃತಘ್ನತೆಯಾದೀತು. ಅಡಿಕೆಗೆ ಬೆಲೆ ಬಂತು, ಉಪ್ಪು ಅಗ್ಗವಾಯಿತು, ಓದುವ ಹುಡುಗರು ಊರು ಬಿಟ್ಟು ಹೋಗಲು ದಾರಿಯಾಯಿತು.

ಆದರೂ ಹೆದ್ದಾರಿಯಿಂದ ಒಂದು ಹರಿದಾರಿ ಒಳಕ್ಕೆ ಹೋದರೆ ಲೋಕವೇ ಬೇರೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ತರಗತಿಯಲ್ಲಿ ಪಾಠ ಹೇಳುವಾಗ ನಾನು ಹುಡುಗರಿಗೆ ಒಂದು ಕೆಲಸ ಕೊಡುತ್ತಿದ್ದೆ: ಅದರಲ್ಲಿ ಯಾರು ಯಾರು ಎಲ್ಲೆಲ್ಲಿಗೆ ನಡೆದುಹೋಗುತ್ತಾರೆಂದು ಪಟ್ಟಿ ಮಾಡಿ ಎಂದು. ತೀರ್ಥಹಳ್ಳಿಯ ಕಡೆಯ, ಹತ್ತೊಂಬತ್ತನೆಯ ಶತಮಾನದ ಕೊನೆಯ ಆ ಲೋಕದಲ್ಲಿ ಮನುಷ್ಯರು ಕಾಡಿನ ಕಾಲುದಾರಿಗಳಲ್ಲಿ ನಡೆಯುತ್ತಲೇ ಇರುತ್ತಾರೆ. ಅಲ್ಲಿಗೆ ಬರುವ ಒಂದು ಬೈಸಿಕಲ್ಲು ಇಡೀ ಸೀಮೆಗೆ ಸೋಜಿಗವಾಗುತ್ತದೆ. ಪಟ್ಟಿ ಮಾಡಿದ ಹುಡುಗರಿಗೆ ಕಾದಂಬರಿಯ ಭೂಗೋಳ ತಾನಾಗಿಯೇ ತಿಳಿಯುತ್ತಿತ್ತು.

ನಮ್ಮ ಸೀಮೆಯದಷ್ಟೇ ಕಥೆ ಇದಲ್ಲ. ಆಫ್ರಿಕಾ ಖಂಡದ ಭೂಪಟವನ್ನು ತೆಗೆದು ನೋಡಿದರೆ, ಯುರೋಪಿನವರ ಆಳ್ವಿಕೆಯ ಕಾಲದಲ್ಲಿ ಅಲ್ಲಿ ಹಾಕಿದ ರೈಲುದಾರಿಗಳೂ ಮುಖ್ಯ ರಸ್ತೆಗಳೂ ಬಹುಮಟ್ಟಿಗೆ ಗಣಿಯಿಂದಲೋ ತೋಟಗಳ ಸೀಮೆಯಿಂದಲೋ ಹೊರಟು ಸಮುದ್ರದ ಬಂದರಿಗೆ ಇಳಿಯುವುದು ಕಾಣುತ್ತದೆ. ಎರಡು ನೆರೆಯ ದೇಶಗಳ ನಡುವೆ ನೇರವಾದ ಒಳ್ಳೆಯ ದಾರಿಯಿಲ್ಲ. ತಾಮ್ರಕ್ಕೂ ಕೋಕೋಗೂ ದಾರಿಯಿದೆ. ಗಯಾನಾ ದೇಶದ ಚರಿತ್ರಕಾರ ವಾಲ್ಟರ್ ರಾಡ್ನಿ 1972ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಎತ್ತಿ ತೋರಿಸಿದ. ಅದಕ್ಕೆ ಒಂದು ವರ್ಷ ಮುಂಚೆ, 1971ರಲ್ಲಿ, ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗವು ಖಂಡದ ಉದ್ದಗಲಕ್ಕೂ ಹೆದ್ದಾರಿಗಳನ್ನು ಹಾಕುವ ಆಲೋಚನೆಯನ್ನು ಕೈಗೆತ್ತಿಕೊಂಡಿತು. ಪಶ್ಚಿಮದ ಲಾಗೋಸಿನಿಂದ ಪೂರ್ವದ ಮೊಂಬಾಸಾಕ್ಕೆ ಹೋಗುವ ದಾರಿ ಅವುಗಳಲ್ಲಿ ಮುಖ್ಯವಾದುದು. ಒಟ್ಟು ಒಂಬತ್ತು ದಾರಿಗಳ ಆ ಯೋಜನೆಯಲ್ಲಿ ಮಧ್ಯ ಆಫ್ರಿಕಾದ ತುಂಡುಗಳು ಅರ್ಧ ಶತಮಾನ ಕಳೆದರೂ ಪೂರ್ತಿಯಾಗಿಲ್ಲ. ಒಮ್ಮೆ ಸರಕಿಗಾಗಿ ಹಾಕಿದ ದಾರಿಯ ನಕ್ಷೆಯನ್ನು ಜನಕ್ಕಾಗಿ ತಿದ್ದುವುದು ಅಷ್ಟು ಕಷ್ಟ. ಆ ಭೂಪಟವನ್ನು ನೋಡಿದಾಗಲೆಲ್ಲ ನನಗೆ ಗೇರುಸೊಪ್ಪೆ, ಕೊಲ್ಲೂರು, ಹೊಸಂಗಡಿ, ಆಗುಂಬೆ ಎಂಬ ನಮ್ಮ ನಾಲ್ಕು ಘಟ್ಟಗಳೇ ನೆನಪಾಗುತ್ತವೆ. ನಾಲ್ಕೂ ಕಡಲಿನ ಕಡೆಗೇ ಇಳಿಯುತ್ತವೆ.

ನಮ್ಮಲ್ಲಿಯೂ ತಿದ್ದುವ ಕೆಲಸ ನಡೆಯದೆ ಇಲ್ಲ. 1899ರಲ್ಲಿ ಶಿವಮೊಗ್ಗಕ್ಕೆ ಬಂದ ರೈಲು ಮುಂದೆ ಸಾಗರವನ್ನು ದಾಟಿ ತಾಳಗುಪ್ಪದವರೆಗೆ ಬೆಳೆಯಿತು. ಬಂದರಿನ ಕಡೆಗೆ ಮುಖ ಮಾಡಿದ್ದ ವ್ಯಾಪಾರ ಶಿವಮೊಗ್ಗದ ಕಡೆಗೆ ತಿರುಗಿತು. ತೀರ್ಥಹಳ್ಳಿಯಲ್ಲಿ ತುಂಗೆಯ ಮೇಲೆ 1943ರಲ್ಲಿ ಕಮಾನು ಸೇತುವೆಯಾಯಿತು. ಜಯಚಾಮರಾಜೇಂದ್ರರ ಹೆಸರಿನ ಆ ಸೇತುವೆ, ಮಳೆಗಾಲದಲ್ಲಿ ದೋಣಿಗಾಗಿ ಕಾದು ನಿಲ್ಲುತ್ತಿದ್ದ ಎರಡೂ ದಡದ ಜನರನ್ನು ಒಂದು ಮಾಡಿತು. ಆಗುಂಬೆಯ ಹದಿನಾಲ್ಕು ತಿರುವುಗಳ ಮೇಲೆ ಬಸ್ಸು ಇಳಿಯತೊಡಗಿದ ಮೇಲೆ, ತೀರ್ಥಹಳ್ಳಿಯವರಿಗೆ ಉಡುಪಿಯ ದೇವರೂ ಮಣಿಪಾಲದ ಆಸ್ಪತ್ರೆಯೂ ಒಂದೇ ದಿನದ ಹಾದಿಯಾದವು. ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಾಗದಲ್ಲಿ, ಆ ರಸ್ತೆಯನ್ನು ಕುಸಿಯದಂತೆ ನೋಡಿಕೊಳ್ಳುತ್ತಿರುವ ಕೂಲಿಗಳನ್ನು ನೆನೆಯದೆ ನಾನು ಒಮ್ಮೆಯೂ ಆ ಘಟ್ಟವನ್ನು ಇಳಿದಿಲ್ಲ.

ಇನ್ನು ನಾನು ನನ್ನ ಮನೆಯ ಮಾತಿಗೆ ಬರಬೇಕು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿಯಿತು. 151 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಜಲಾಶಯ. ನೀರಿನ ಹರವು ಸುಮಾರು 300 ಚದರ ಕಿಲೋಮೀಟರು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು, ತೋಟ ಗದ್ದೆಗಳು, ಅವುಗಳ ಜೊತೆಯಲ್ಲಿ ರಸ್ತೆಗಳೂ ಅದರೊಳಗೆ ಹೋದವು. ಈ ನೀರಿನಿಂದ ಆದ ವಿದ್ಯುತ್ತು ಬಹಳ ಕಾಲ ಕರ್ನಾಟಕದ ದೀಪಗಳನ್ನೂ ಕಾರ್ಖಾನೆಗಳನ್ನೂ ನಡೆಸಿತು. ಸಾಗರ ತಾಲ್ಲೂಕಿನ ಕರೂರು, ಭಾರಂಗಿ ಹೋಬಳಿಗಳು ಮಾತ್ರ ಹಿನ್ನೀರಿನ ಆಚೆ ಉಳಿದುಬಿಟ್ಟವು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ರಸ್ತೆಯ ತುಂಡುಗಳು ಕಾಣಿಸಿಕೊಳ್ಳುತ್ತವೆ. ದಡದಿಂದ ಹೊರಟ ದಾರಿ ನೆಟ್ಟಗೆ ನೀರಿನೊಳಕ್ಕೆ ಇಳಿದು ಹೋಗುತ್ತದೆ. ಹಿಂದೆ 1940ರ ದಶಕದಲ್ಲಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಹಾಗೆಯೇ ಮುಳುಗಿ, ಬರಗಾಲದ ವರ್ಷಗಳಲ್ಲಿ ತಲೆಯೆತ್ತುತ್ತದೆ.

ನನ್ನ ಸೋದರತ್ತೆಯನ್ನು ತುಮರಿಯ ಕಡೆಗೆ ಕೊಟ್ಟಿತ್ತು. ನಮ್ಮ ಮನೆ ಆವಿನಹಳ್ಳಿಯ ಕಡೆ. ಮುಳುಗಡೆಗೆ ಮುಂಚೆ ತಂದೆಯವರು ಬೆಳಿಗ್ಗೆ ಹೊರಟು, ದೋಣಿಯಲ್ಲಿ ಹೊಳೆ ದಾಟಿ, ತಂಗಿಯ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿ, ಕತ್ತಲಾಗುವುದರೊಳಗೆ ಮನೆಗೆ ಬರುತ್ತಿದ್ದರಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಹೊಳೆ ಸಮುದ್ರವಾಗಿತ್ತು. ಮೇಲೆ ಲಾಂಚು ಬಂತು. ಲಾಂಚು ಹಗಲಿನ ವಾಹನ. ಸಂಜೆಯ ಮೇಲೆ ಅದಿಲ್ಲ. ಗಾಳಿ ಎದ್ದರೆ ಇಲ್ಲ. ನೀರು ತೀರಾ ಇಳಿದರೂ ತೊಂದರೆ.

1978ರ ಆಷಾಢದಲ್ಲಿ ನನ್ನ ಅಜ್ಜಿ ತೀರಿಕೊಂಡರು. ಮಧ್ಯಾಹ್ನ ಹೊರಟ ಆಳು ಅತ್ತೆಯ ಮನೆ ಮುಟ್ಟಿ ಸುದ್ದಿ ಹೇಳಿದಾಗ ಸಂಜೆಯಾಗಿತ್ತು. ಅತ್ತೆ ಉಟ್ಟ ಸೀರೆಯಲ್ಲಿಯೇ ದಡಕ್ಕೆ ಬಂದರು. ಲಾಂಚು ನಿಂತುಹೋಗಿತ್ತು, ಆ ಮಳೆಗೂ ಗಾಳಿಗೂ ದೋಣಿ ಬಿಡಲು ಅಂಬಿಗರು ಒಪ್ಪಲಿಲ್ಲ, ಒಪ್ಪದಿದ್ದುದು ಸರಿಯೇ. ರಾತ್ರಿಯೆಲ್ಲ ಅವರು ಗಂಡನೊಡನೆ ದಡದ ಒಂದು ಚಪ್ಪರದಲ್ಲಿ ಕುಳಿತಿದ್ದರು. ಈಚೆ ದಡದಲ್ಲಿ ಒಂದು ದೀಪ ಉರಿಯುತ್ತಿದ್ದುದು ಅವರಿಗೆ ಕಾಣುತ್ತಿತ್ತಂತೆ. ಮಾರನೆಯ ದಿನ ಅವರು ನಮ್ಮ ಮನೆಯ ಅಂಗಳಕ್ಕೆ ಬಂದಾಗ ಎಲ್ಲವೂ ಮುಗಿದಿತ್ತು. ತಂದೆಯವರು ಕಾಯಬಹುದಿತ್ತು; ಹಿರಿಯರು ಬೇಡವೆಂದರು. ಅತ್ತೆ ಯಾರನ್ನೂ ಆಕ್ಷೇಪಿಸಲಿಲ್ಲ. "ಕರೆಂಟು ಬಂತಲ್ಲ, ಅಣ್ಣಯ್ಯ" ಎಂದು ಬಹಳ ಹೊತ್ತಿನ ಮೇಲೆ ಒಂದು ಮಾತು ಆಡಿದರು. ನಮ್ಮ ಮನೆಗೆ ಆ ವರ್ಷ ತಾನೇ ವಿದ್ಯುತ್ ದೀಪ ಬಂದಿತ್ತು. ಅವರ ಮನೆಗೆ ಬಂದಿರಲಿಲ್ಲ.

ಆಚೆ ದಡದ ಪ್ರತಿಯೊಂದು ಮನೆಯಲ್ಲಿಯೂ ಇಂತಹ ಒಂದು ರಾತ್ರಿಯ ಕಥೆ ಇದೆ. ಹೆರಿಗೆಯ ನೋವು, ಹಾವು ಕಡಿತ, ಎದೆನೋವು ಇವು ಲಾಂಚಿನ ವೇಳೆಯನ್ನು ನೋಡಿಕೊಂಡು ಬರುವುದಿಲ್ಲ. ಸೇತುವೆ ಬೇಕೆಂದು ಎರಡು ತಲೆಮಾರು ಮನವಿ ಬರೆದವು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಯಿತು. 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯಿತು. ಉದ್ದ 2.44 ಕಿಲೋಮೀಟರು; ಖರ್ಚು ನಾನೂರ ಎಪ್ಪತ್ತು ಕೋಟಿ ರೂಪಾಯಿಗೂ ಮೇಲೆ; ನಡುವಿನ ಭಾಗವನ್ನು ಕೇಬಲ್ಲುಗಳ ಆಧಾರದ ಮೇಲೆ ನಿಲ್ಲಿಸಿದ್ದಾರೆ. ಅಣೆಕಟ್ಟಿನಿಂದ ಸೇತುವೆಯವರೆಗೆ ಅರವತ್ತೊಂದು ವರ್ಷ. ಸಿಗಂದೂರಿನ ಚೌಡೇಶ್ವರಿಗೆ ಭಕ್ತರು ಸಾವಿರಗಟ್ಟಲೆ ಬರತೊಡಗಿದ ಮೇಲೆ ತಾನೇ ಸೇತುವೆಯಾದದ್ದು ಎಂದು ಆಚೆ ದಡದ ಕೆಲವರು ಹೇಳುತ್ತಾರೆ. ದೇವಿಯೇ ತರಿಸಿದಳೆಂದು ಸಂತೋಷದಿಂದ ಹೇಳುವವರೂ ಇದ್ದಾರೆ. ಮನುಷ್ಯರ ಮಾತಿಗೆ ಆಗದ್ದು ಎಂಬ ಅರ್ಥದಲ್ಲಿ ಹೇಳುವವರೂ ಇದ್ದಾರೆ.

ಆ ವರ್ಷದ ದೀಪಾವಳಿ ಕಳೆದ ಮೇಲೆ ನಾನು ಸೇತುವೆಯ ಮೇಲೆ ಹಾದು ಅತ್ತೆಯ ಮಗನ ಮನೆಗೆ ಹೋದೆ. ಅತ್ತೆ ಈಗಿಲ್ಲ, ಸೇತುವೆಯ ಕಂಬಗಳು ಏಳುವುದನ್ನು ನೋಡಿ ಹೋದರು. ನೀರಿನ ಮೇಲಿನ ಪ್ರಯಾಣಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಭಾವ ಜಗಲಿಯಲ್ಲಿ ಅಡಿಕೆ ಸುಲಿಸುತ್ತಿದ್ದವನು ಎದ್ದು ಬಂದು, "ಇನ್ನು ನಮ್ಮ ಸೀಮೆಯವರು ರಾತ್ರಿ ಹೊತ್ತಿನಲ್ಲೂ ಕಾಯಿಲೆ ಬೀಳಬಹುದು, ಭಾವ" ಎಂದು ನಕ್ಕ. ಊಟವಾದ ಮೇಲೆ ಇಬ್ಬರೂ ತೋಟದ ಕಡೆ ಹೋದೆವು. ತೋಟದ ಕೆಳಗೆ ಒಂದು ಹಳ್ಳ. ಅದರ ಮೇಲೆ ಎರಡು ಅಡಿಕೆ ಮರಗಳನ್ನು ಜೋಡಿಸಿ, ಬಿದಿರಿನ ಹಿಡಿ ಕಟ್ಟಿದ ಸಂಕ. ಹಳ್ಳದ ಆಚೆಯ ಮೂರು ಮನೆಗಳ ಮಕ್ಕಳು ಅದನ್ನು ದಾಟಿಯೇ ಶಾಲೆಗೆ ಹೋಗಬೇಕು. ಜೋರು ಮಳೆಯ ದಿನಗಳಲ್ಲಿ ತಾಯಂದಿರು ಈಚೆಯವರೆಗೆ ಬಂದು ದಾಟಿಸುತ್ತಾರೆ. ಹಳ್ಳ ತುಂಬಿದರೆ ಶಾಲೆ ಇಲ್ಲ.

ಶಾಲಾ ಸಂಪರ್ಕ ಸೇತು ಎಂಬ ಹೆಸರಿನಲ್ಲಿ ಇಂತಹ ಸಂಕಗಳ ಜಾಗದಲ್ಲಿ ಕಾಂಕ್ರೀಟಿನ ಕಾಲುಸೇತುವೆ ಕಟ್ಟುವ ಕಾರ್ಯಕ್ರಮವನ್ನು ಸರ್ಕಾರ ಹಾಕಿಕೊಂಡಿತು. ಅನೇಕ ಕಡೆ ಕಟ್ಟಿದೆ. ಇನ್ನೂ ಕಟ್ಟಬೇಕಾದವು ಬಹಳ. ಈ ಮಧ್ಯೆ ಆಗುಂಬೆಯ ಘಟ್ಟಕ್ಕೆ ಸುರಂಗ ಕೊರೆಯುವ ಮಾತು ನಡೆದಿದೆ. ಹೆದ್ದಾರಿಗಳನ್ನು ಅಗಲ ಮಾಡುವ ಕೆಲಸ ಸಾಗಿದೆ. ನಾನು ಅವುಗಳ ವಿರೋಧಿಯಲ್ಲ. ಐದು ನಿಮಿಷದಲ್ಲಿ ಹಿನ್ನೀರನ್ನು ದಾಟಿದವನಿಗೆ ಆ ಹಕ್ಕೂ ಇಲ್ಲ. ಗುಡ್ಡವನ್ನು ಎಷ್ಟು ಕಡಿದರೆ ಮಳೆಗಾಲದಲ್ಲಿ ಜರಿಯುತ್ತದೆಂಬುದನ್ನು ತಿಳಿದವರು ಹೇಳಲಿ. ಕೆಳದಿಯ ನಾಯಕರಿಂದ ಇಂದಿನವರೆಗೆ ನಮ್ಮ ಸೀಮೆಯ ದೊಡ್ಡ ದಾರಿಗಳೆಲ್ಲ ಮೆಣಸು, ಫಿರಂಗಿ, ಅಡಿಕೆ, ವಿದ್ಯುತ್ತು, ಯಾತ್ರಿಕರು ಎಂಬ ಒಂದಲ್ಲ ಒಂದು ಕಾರಣದಿಂದ ಆದವು ಎಂಬುದನ್ನಷ್ಟೇ ಚರಿತ್ರೆಯಿಂದ ನಾನು ಹೇಳಬಲ್ಲೆ. ಹಳ್ಳದ ಆಚೆಯ ಮೂರು ಮನೆಗಳು ಈ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಅವರ ದಾರಿಯನ್ನು ಇಂದಿಗೂ ಅವರೇ ಮಾಡಿಕೊಳ್ಳುತ್ತಿದ್ದಾರೆ.

ಆ ರಾತ್ರಿ ಉಳಿಯಲು ಭಾವ ಒತ್ತಾಯ ಮಾಡಿದ. ಹಿಂದೆಲ್ಲ ಅತ್ತೆಯ ಮನೆಗೆ ಹೋದರೆ ಲಾಂಚಿನ ನೆಪದಲ್ಲಿ ಎರಡು ದಿನ ಉಳಿಯುತ್ತಿದ್ದೆವು. ನಾನು ರಾತ್ರಿ ಎಂಟು ಗಂಟೆಗೆ ಹೊರಟೆ. ಸೇತುವೆಯ ನಡುವೆ ಒಂದು ಕ್ಷಣ ಕಾರು ನಿಲ್ಲಿಸಿ ಎಂದು ಚಾಲಕನಿಗೆ ಹೇಳಿದೆ. ಇಲ್ಲಿ ನಿಲ್ಲಿಸುವಂತಿಲ್ಲ ಎಂದ. ಎರಡೂ ದಡಗಳಲ್ಲಿ ದೀಪಗಳು ಉರಿಯುತ್ತಿದ್ದವು.